ಮೂರು ನಿಮಿಷ

ಕಚೇರಿಯ ನಿಯಮ ಸರಳ. ಮೂರು ನಿಮಿಷ.
ಮೊದಲು ಸಮಸ್ಯೆ, ಆಮೇಲೆ ಉಪಾಯ, ಕೊನೆಗೆ ಅಂಕಿ.
ಶಾಲೆಗಳು ಕಳಿಸುತ್ತವೆ, ನಾನು ಕತ್ತರಿಸುತ್ತೇನೆ.
ಪೋರ್ಟೊ ಮಾಂಟ್‌ನ ಎರಡನೆಯ ಮಹಡಿಯಲ್ಲಿ
ಕಡಲಿಗೆ ಬೆನ್ನು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ
ಯಾರದೋ ಇಡೀ ವರ್ಷವನ್ನು
ಮೊಟ್ಟೆ ಬೇಯುವಷ್ಟು ಹೊತ್ತಿಗೆ ಇಳಿಸುತ್ತೇನೆ.

ಚಿಲೋಯೆಯ ಆಚೆ, ಹದಿನೇಳು ಮಕ್ಕಳ ಶಾಲೆಯಿಂದ
ಎಡುವಿನಾ ಟೀಚರ್ ಕಳಿಸಿದ್ದು ನಲವತ್ತೊಂದು ನಿಮಿಷ.
ಜೊತೆಗೊಂದು ಚೀಟಿ:
'ಯಾವುದನ್ನು ಬಿಡಬೇಕೋ ತಿಳಿಯಲಿಲ್ಲ, ಕ್ಷಮಿಸಮ್ಮ.'

ನಡುಗಡ್ಡೆಗಳಿಂದ ಮಕ್ಕಳನ್ನು ಬಾಚಿಕೊಂಡು ಬರುವ ದೋಣಿ.
ಬೆಳಿಗ್ಗೆ ಐವತ್ತು ನಿಮಿಷ, ಸಂಜೆ ಐವತ್ತು.
ದಾರಿಯುದ್ದಕ್ಕೂ ದೊಡ್ಡವರು ಚಿಕ್ಕವರಿಗೆ ಓದಿ ಹೇಳಬೇಕು.
ಅಷ್ಟೇ ಯೋಜನೆ.

ಕತ್ತರಿಸಿದೆ: ಎಂಜಿನ್ ಕೆಟ್ಟು ಸುಮ್ಮನೆ ತೇಲಿದ ಆರು ನಿಮಿಷ.
ಕತ್ತರಿಸಿದೆ: ವಾಂತಿ.
ಕತ್ತರಿಸಿದೆ: ದೋಣಿಯ ಮುದುಕ ಅಬೆಲಿನೊ ಚುಕ್ಕಾಣಿ ಮರೆತು
'ತಡಿ, ನರಿ ಸತ್ತಿತೋ ಇಲ್ಲವೋ?' ಎಂದು ತಿರುಗಿದ್ದು.
ಕತ್ತರಿಸಿದೆ: ಹನ್ನೊಂದರ ಲಿಸಾರ್ದೊ, ಆರರ ರೊಸೆಂದಾ.
ಅವನು ಪುಸ್ತಕ ಹಿಡಿದದ್ದು ತಲೆಕೆಳಗಾಗಿ.

ಗಂಟಲು ಸರಿಮಾಡಿಕೊಂಡು, ದೊಡ್ಡ ಮನುಷ್ಯನ ಹಾಗೆ,
ತನಗೆ ಒಲಿಯದ ಸಾಲುಗಳ ಮೇಲೆ ಬೆರಳಾಡಿಸುತ್ತಾನೆ:
ಒಂದೂರಲ್ಲಿ ಒಂದು ಕಡಲಸಿಂಹ, ಅದಕ್ಕೆ ಹಲ್ಲುನೋವು,
ಲವಂಗ ಕೇಳಲು ನಮ್ಮ ಚಿಕ್ಕಮ್ಮನ ಅಂಗಡಿಗೇ ಬಂತು.
ಚಿತ್ರದಲ್ಲಿರುವುದು ಹಸು.
ಕಾಲು ಮೇಲಾದ ಹಸು.
ಅವಳು ಹಸುವನ್ನು ನೋಡುತ್ತಾಳೆ, ಅವನ ಮುಖವನ್ನು,
ಮತ್ತೆ ಹಸುವನ್ನು. ಕಿಲಕ್ಕನೆ ನಕ್ಕುಬಿಡುತ್ತಾಳೆ.
ಆಮೇಲೆ, ಅಣ್ಣನ ಅಂಗಿಯ ಗುಂಡಿ ಸರಿಮಾಡುವವಳಂತೆ,
ಪುಸ್ತಕವನ್ನು ಮೆಲ್ಲಗೆ ತಿರುಗಿಸಿ ಅವನ ಕೈಗೇ ಕೊಟ್ಟು,
'ಹೂಂ, ಲವಂಗ ಸಿಕ್ಕಿತಾ?'

ಇದು ಸಮಸ್ಯೆಯೇ? ಉಪಾಯವೇ?
ನನ್ನ ಪಟ್ಟಿಯಲ್ಲಿ ಇದಕ್ಕೆ ಮನೆಯಿಲ್ಲ.
ಓದಿನ ವೇಗ, ಶೇಕಡಾ ಇಪ್ಪತ್ತೆರಡು ಏರಿಕೆ
ಎಂದು ನೀಲಿ ಅಕ್ಷರದಲ್ಲಿ ಬರೆದು ಮುಗಿಸಿದೆ.

ಜೂನ್‌ನಲ್ಲಿ ದೇಶದ ಇನ್ನೊಂದು ತುದಿಯಿಂದ ಪತ್ರ.
ಅಲ್ಲಿ ಮಳೆ ಎಂದರೆ ಪಠ್ಯದಲ್ಲಿ ಬರುವ ಒಂದು ಪದ.
ಒನೆಸಿಮೊ ಚೋಕೆ ಮೇಷ್ಟ್ರು ಬರೆಯುತ್ತಾರೆ:
'ನಮಗೆ ದೋಣಿಯಿಲ್ಲ, ಗಣಿಯವರು ಬಿಟ್ಟುಹೋದ ಬಸ್ಸಿದೆ.
ಮಾಡಿನೋಡುತ್ತೇವೆ. ಒಂದೇ ಪ್ರಶ್ನೆ, ಅದೂ ಮಕ್ಕಳದು.
ಎರಡು ನಿಮಿಷ ಐವತ್ತರಲ್ಲಿ, ಅಂಕಿ ಬರುವ ಹೊತ್ತಿಗೆ,
ಹಿಂದೆ ಯಾರೋ ನಗುತ್ತಾರೆ. ಯಾರದು? ಯಾಕೆ?'

ಮತ್ತೆ ಮತ್ತೆ ಕೇಳಿದೆ.
ನಿಜ. ಕತ್ತರಿಯ ಸಂದಿಯಿಂದ ನುಸುಳಿ
ಶೇಕಡಾ ಇಪ್ಪತ್ತೆರಡರ ಕೆಳಗೆ ಕೂತಿತ್ತು
ಆರು ವರ್ಷದ ನಗು.
ಕಸದಬುಟ್ಟಿಯಿಂದ ಲಿಸಾರ್ದೊನನ್ನು ಹೆಕ್ಕಿ,
ಟೀಚರ್‌ಗೆ ಫೋನ್ ಮಾಡಿ, ಅವನನ್ನೂ ಕೇಳಿ,
ನಿಯಮಕ್ಕೆ ಹೇಳದೆ, ಹಾಗೇ ಕಳಿಸಿದೆ.

ಸೆಪ್ಟೆಂಬರ್‌ನಲ್ಲಿ ಅವರ ವಿಡಿಯೊ ಬಂತು.
ಧೂಳು, ಗಾಜಿಲ್ಲದ ಕಿಟಕಿ, ಏಳು ಮಕ್ಕಳು,
ಬಸ್ಸಿನ ಬಾಗಿಲಿಗೆ ಒರಗಿಸಿದ ಹಲಗೆ:
'ಹಂತ ಒಂದು. ದೊಡ್ಡವರು ಪುಸ್ತಕ ತಲೆಕೆಳಗೆ ಹಿಡಿಯಬೇಕು.
ಹಂತ ಎರಡು. ಚಿಕ್ಕವರು ನಗಬಹುದು,
ಆದರೆ ಎದ್ದು ಹೋಗಬಾರದು.'
ಮೂರನೆಯ ಹಂತ ಇರಲಿಲ್ಲ.
ಒಂದು ಲಾಮಾಕ್ಕೆ ಹಲ್ಲುನೋವು ಶುರುವಾಗಿತ್ತು.

ನಾಲ್ಕು ನಿಮಿಷ ಹತ್ತು ಸೆಕೆಂಡು.
ಎಪ್ಪತ್ತು ಸೆಕೆಂಡು ಹೆಚ್ಚು.
ಅದನ್ನು ಹಾಗೇ ದ್ವೀಪಕ್ಕೆ ದಾಟಿಸಿದೆ.

ಎಡುವಿನಾ ಟೀಚರ್ ಉತ್ತರ ಮರುದಿನ:
'ಆ ಹಲಗೆಯನ್ನು ಲಿಸಾರ್ದೊ ಓದಿದ. ಗಟ್ಟಿಯಾಗಿ.
ಬಹಳ ಹೊತ್ತು ಹಿಡಿಯಿತು. ಎಷ್ಟೆಂದು ನೋಡಲಿಲ್ಲ.
ಎರಡನೆಯ ಸಾಲಿನಲ್ಲಿ ಒಂದು ಕಾಗುಣಿತ ತಪ್ಪಿದೆಯಂತೆ,
ಅವರಿಗೆ ಹೇಳಬೇಕಂತೆ.'