ಗಂಟು

ಎಂಟು ತಿಂಗಳು ಅಟ್ಟದ ಮ್ಯಾಲ ಒಣಗಿದ ತಡಸಲ ಕಟಗಿ.
ಕಲಘಟಗಿ ತೊಟ್ಟಿಲಾ ಮಾಡೋ ಕೈ ನಂದು,
ಬಿಲ್ಲೇನು ದೊಡ್ಡ ಮಾತು ಅಂದಿದ್ದೆ.

ನಡುವ ಗಂಟು.
ಬಾಚಿ ಬಿಟ್ಟು ಗಾಜಿನ ಚೂರು ಹಿಡದೆ,
ಎಳಿ ಹೋದಂಗ ಹೋದೆ, ಅದರ ಸುತ್ತ
ಅಂಜಕೋತ ಹೆರದೆ.

ಮ್ಯಾಲಿನ ತೋಳು ಬಾಗತೈತಿ,
ಕೆಳಗಿನದು ಸಿಟ್ಟಾದ ಬೀಗರಂಗ ಸೆಟದು ಕುಂತೈತಿ.
ಇದನ್ನ ಹೆರದರ ಅದು ಬಿಗಿ,
ಅದನ್ನ ಹೆರದರ ಇದು.
ದೀಪಾವಳಿ ಹೋತು, ಎಳ್ಳ ಅಮಾಸಿ ಹೋತು,
ಕಾಲಾಗ ಸಿಪ್ಪಿ ಬೆಳೀತು,
ಕೈಯಾಗ ಬಿಲ್ಲು ಸವೀತು.

"ಇನ್ನೊಂದು ಗೇಣು ಎಳೀರಿ" ಅಂದಳು ದ್ಯಾಮಕ್ಕ.
ಎಳದೆ.
ಚಟ್ ಅಂತು.
ಗಂಟಿನ ಹತ್ರ ಅಲ್ಲ.
ಒಂದು ಗೀರೂ ಇಲ್ಲದ,
ನಾನು ಒಮ್ಮೆಯೂ ತಿರುಗಿ ನೋಡದ ಕಡೆ.

ತುಂಡು ಎರಡೂ ಒಲಿಗೆ.
ಗಂಟಷ್ಟ ಮುಂಜಾನಿತನಕ
ಕೆಂಡಾಗಿ ಇತ್ತು.