ಡ್ರಮ್ಮಿನ ಹಿಂದಿನವನು

ಶುಕ್ರವಾರ ಐದಕ್ಕೆ ಮೀನಿನ ಕಾರ್ಖಾನೆಯ ಬೆಲ್ಲು.
ಮೂರು ಸಲ ಸೋಪು, ಒಂದು ಸಲ ನಿಂಬೆ,
ಆದರೂ ಕ್ಯಾಮೆರಾದ ಪಟ್ಟಿಗೆ ಹ್ಯಾಡಕ್ಕಿನ ವಾಸನೆ
ಅಂಟಿಕೊಂಡೇ ಬರುತ್ತದೆ ಬಂದರಿನ ಬೀದಿಗೆ.
ಗ್ರಿಮ್ಸ್‌ಬಿಯಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ.
ಮೂಗಿಗೂ ಹೊಟ್ಟೆಪಾಡು ಗೊತ್ತು.

'ತ್ರೀ ಟ್ರಾಲರ್ಸ್' ಪಬ್ಬಿನ ಹಿಂಬದಿ ಕೋಣೆ.
ವೇದಿಕೆ ಅಂದರೆ
ಬಿಯರ್ ಕ್ರೇಟುಗಳ ಮೇಲೆ ಹಾಸಿದ ಹಲಗೆ.
ಬೆಳಕು ಅಂದರೆ ಒಂದು ಕೆಂಪು ಬಲ್ಬು, ಒಂದು ನೀಲಿ;
ನೀಲಿ ಸತ್ತು ಎರಡು ವರ್ಷ,
ರಾಯ್‌ಸ್ಟನ್ ಇನ್ನೂ "ನಾಳೆ" ಅನ್ನುತ್ತಾನೆ.
ಕೆಂಪಿನಲ್ಲಿ ಎಲ್ಲ ಮುಖವೂ ಕಾದ ಹೆಂಚು,
ಕಣ್ಣಿದ್ದಲ್ಲಿ ಎರಡು ತೂತು.
ನಾನು ಕಪ್ಪುಬಿಳುಪು ಮಾಡಿಬಿಡುತ್ತೇನೆ.
ಅದನ್ನು ಕಲೆ ಅಂದವರಿದ್ದಾರೆ. ನಾನು ತಿದ್ದಲಿಲ್ಲ.

ದೊಡ್ಡ ಊರಿನ ದೊಡ್ಡ ಷೋಗಳಲ್ಲಿ
ಫೋಟೋದವರ ಕೊರಳಿಗೆ ಬಿಲ್ಲೆಯಂತೆ,
ಮೊದಲ ಮೂರು ಹಾಡಂತೆ, ಆಮೇಲೆ ಹೊರಗೆ ನಡಿ ಅಂತೆ.
ನನಗೆ ಬಿಲ್ಲೆಯಿಲ್ಲ. ಹಾಗಾಗಿ ಎಲ್ಲ ಹಾಡೂ ನನ್ನವು,
ಬೆನ್ನಿಗೆ ಚೆಲ್ಲುವ ಬಿಯರೂ ನನ್ನದು,
ಕಿವಿಯಲ್ಲಿ ಹತ್ತಿ, ಎದೆಯಲ್ಲಿ ಬೇಸ್ ಗಿಟಾರು,
ಭಾನುವಾರದ ತನಕ ಇಳಿಯದ ಗುಂಯ್.

ಆರು ವರ್ಷದಲ್ಲಿ ಕಲಿತದ್ದು ಇಷ್ಟು:
ಹಾಡುವ ಡೆನಿಸ್ ಮೇಲಿನ ಸ್ವರಕ್ಕೆ ಹೋಗುವ ಮೊದಲು
ಎಡಗಣ್ಣು ಕಿರಿದು ಮಾಡುತ್ತಾಳೆ,
ಆಗ ಒತ್ತಬೇಕು. ಸ್ವರ ಕೇಳಿದ ಮೇಲೆ ಒತ್ತಿದರೆ
ಸಿಗುವುದು ಬರೀ ಗಂಟಲು.

ಮೊನ್ನೆ ಕಾರ್ಖಾನೆಯಲ್ಲಿ, ಎದುರು ಸಾಲಿನಿಂದ,
ಚಾಕು ನಿಲ್ಲಿಸದೆ ವಿನಿಫ್ರೆಡ್ ಕೇಳಿದಳು:
"ನಮ್ಮ ಲೈಲ್‌ದು ಒಂದು ಕೊಡೇ, ಟೀವಿ ಪಕ್ಕ ಇಡೋಕೆ."
ಕೊಡೋಣ, ಅದಕ್ಕೇನು, ಅಂದೆ.

ಮನೆಗೆ ಹೋಗಿ ಹನ್ನೊಂದು ಸಾವಿರ ಚಿತ್ರ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ.
ಸಿಕ್ಕಿದ್ದು:
ಡೆನಿಸ್‌ಳ ಕಂಕುಳ ಸಂದಿಯಲ್ಲಿ ಒಂದು ಮೊಣಕೈ.
ಹಿತ್ತಾಳೆ ತಟ್ಟೆಯ ಅಂಚಿಗೆ ಒಂದು ಕಿವಿ.
ಕೋಲು. ಕೋಲು ಇದ್ದ ಜಾಗದ ಗೆರೆ.
ಮಂಜಿನಂಥದ್ದೊಂದು, ಕೂದಲಿರಬಹುದು.
ಆರು ವರ್ಷ ಅವನ ಏಟಿಗೇ ನನ್ನ ಬೆರಳು ಕುಣಿದಿತ್ತು,
ಅವನನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಆ ಶುಕ್ರವಾರ ಅಡುಗೆಮನೆ ಬಾಗಿಲಿನಿಂದ ನುಗ್ಗಿದೆ.
ಚಿಪ್ಸಿನ ಎಣ್ಣೆ, ಖಾಲಿ ಪೀಪಾಯಿ, ನಡುವೆ ನಾನು,
ಮುಂದೆ ಅವನ ಬೆನ್ನು.
ಅಂಗಿ ಒದ್ದೆಯಾಗಿ ಮೂಳೆಮೂಳೆಗೂ ಅಂಟಿತ್ತು.
ಟೇಪು ಸುತ್ತಿದ ಸ್ಟೂಲು. ಬೂಟಿಲ್ಲ.
ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿ
ತಾನೇ ಬೇರೆ ತಾಳ ಹಾಕುತ್ತಿತ್ತು.
ಅವನಾಚೆ ಡೆನಿಸ್ ಕೂಡ ಬರೀ ಬೆನ್ನು,
ಅವಳಾಚೆ, ಇಷ್ಟು ದಿನ ನನ್ನ ಹಿಂದೆ ತಳ್ಳುತ್ತಿದ್ದ ಜನ,
ಸಾಲುಸಾಲು ಮುಖ, ಬಾಯಿ ತೆರೆದು;
ಕಟ್ಟಕಡೆಗೆ, ಕೋಟು ತೂಗುಹಾಕುವ ಗೋಡೆಯ ಹತ್ತಿರ,
"ಆ ಗದ್ದಲಕ್ಕೆ ಸತ್ತರೂ ಬರಲ್ಲ" ಅಂದಿದ್ದ ವಿನಿಫ್ರೆಡ್,
ಎರಡೂ ಕಿವಿ ಅಂಗೈಯಲ್ಲಿ ಮುಚ್ಚಿಕೊಂಡು,
ತಲೆ ಮಾತ್ರ ಲಯ ತಪ್ಪದೆ.

ಒಮ್ಮೆ ಲೈಲ್ ನೀರಿಗೆಂದು ತಿರುಗಿದ.
ನಕ್ಕ, ಅನ್ನಿಸುತ್ತದೆ.
ನನ್ನ ಫೋಕಸ್ಸು ತಟ್ಟೆಯ ತಿರುಪಿನ ಮೇಲೆ ಕೂತಿತ್ತು.

ಸೋಮವಾರ ಕೊಟ್ಟೆ, ಬೆನ್ನಿನದು.
ಕೈಗವಸು ಬಿಚ್ಚಿ ಹಿಡಿದಳು. ಬಹಳ ಹೊತ್ತು ನೋಡಿದಳು.
"ಮುಖ ಎಲ್ಲೇ?"
ಆಮೇಲೆ ಗೋಡೆಯ ಹತ್ತಿರದ ಒಂದು ಚುಕ್ಕೆಯನ್ನು
ಉಗುರಿನಿಂದ ಮುಟ್ಟಿ:
"ಇದು ನಾನಾ?"
ಹೌದು ಅಂದೆ.
"ಇಷ್ಟು ಸಣ್ಣಕ್ಕೆ ಕಾಣ್ತೀನಾ ಅವನಿಗೆ?"
ಬೆಲ್ಟು ಶುರುವಾಯಿತು. ಮೀನು ಬಂದವು.

ಟೀವಿ ಪಕ್ಕ ಈಗ ಆ ಬೆನ್ನಿದೆಯಂತೆ.
ಮುಖದ ಸಾಲ ನನ್ನ ಮೇಲೆ ಹಾಗೇ ಇದೆ.
ಈ ಶುಕ್ರವಾರ ನೀಲಿ ಬಲ್ಬು ನಾನೇ ಕೊಂಡೊಯ್ಯುತ್ತೇನೆ.
ಏಣಿ ರಾಯ್‌ಸ್ಟನ್‌ದು,
ಹತ್ತುವುದು ನಾನು.