ಸೊನ್ನೆ ನೋಡಿಕೊಳ್ಳಿ

ದಿನಕ್ಕೆ ಮುನ್ನೂರು ಸಲ ಹೇಳುತ್ತೇನೆ ಈ ಮಾತು,
ಗೋಣಿಕೊಪ್ಪದ ಬಂಕಿನಲ್ಲಿ, ಎರಡನೇ ಪಂಪಿನ ಪಕ್ಕ ನಿಂತು.
ತೊಟ್ಟ ಅಂಗಿ ನನಗಿಂತ ಮೊದಲಿದ್ದ ಹುಡುಗಿಯದು,
ಎದೆಯ ಮೇಲಿನ ಹೆಸರೂ ಅವಳದೇ.
ಜೆಸಿಂತಾ ಎಂದರೆ ತಿರುಗುತ್ತೇನೆ ಈಗ.

ಬೆಳಿಗ್ಗೆ ಆರಕ್ಕೆ ಬೋರ್ಡಿನ ಅಂಕಿ ತಾನೇ ಬದಲಾಗುತ್ತದೆ,
ಯಾರೂ ಏಣಿ ಹತ್ತುವುದಿಲ್ಲ.
ಮೂವತ್ತೈದು ಪೈಸೆ, ಒಮ್ಮೊಮ್ಮೆ ಎಂಬತ್ತು.
ಸಂತೆಯಲ್ಲಿ ಪೈಸೆ ಸತ್ತು ಎಷ್ಟು ಕಾಲವಾಯಿತು,
ದೇವರ ಹುಂಡಿಯಲ್ಲೂ ಕಾಣಸಿಗದು,
ಉಸಿರಾಡುತ್ತಿರುವುದು ನಮ್ಮ ಬೋರ್ಡಿನ
ಬಾಲದಲ್ಲಿ ಮಾತ್ರ.

ಮೊದಲೆಲ್ಲ ಜನ ಲೀಟರಿನಲ್ಲಿ ಕೇಳುತ್ತಿದ್ದರು.
ಆಮೇಲೆ ರೂಪಾಯಿಯಲ್ಲಿ.
ಈಗ ಊರಿನ ಹೆಸರು ಹೇಳುತ್ತಾರೆ:
‘ಪೊನ್ನಂಪೇಟೆಗೆ ಹೋಗಿ ಬರುವಷ್ಟು ಹಾಕಮ್ಮ.’
‘ತಿತಿಮತಿವರೆಗೆ ಸಾಕು. ಬರುವಾಗಿನದು ಅಲ್ಲೇ ಭಾವನ ಖರ್ಚು.’
ಬಟ್ಟೆ ಅಂಗಡಿಯವಳ ಹಾಗೆ ನಾನು
ದಾರಿಯನ್ನೇ ಅಳೆದು ಕತ್ತರಿಸಿ ಕೊಡುತ್ತೇನೆ.

ಡೀಸೆಲ್ ಪಂಪಿನಲ್ಲಿ ಚಂಗಪ್ಪನ ಜೀಪು,
ಪಾಲಿಬೆಟ್ಟದ ಲೈನ್‌ಮನೆಗಳಿಂದ ಕಾಫಿ ಕುಯ್ಯುವವರು.
ಹನ್ನೊಂದು ಜನ ಕೂರುತ್ತಿದ್ದಲ್ಲಿ ಹದಿನೇಳು.
ಹಿಂದಿನ ಕಂಬಿ ಹಿಡಿದು ನೇತಾಡುವ ಬೊಳ್ಳಿ
ಬುತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುತ್ತಾಳೆ.
ಟ್ರಿಪ್ಪು ಎರಡಿದ್ದದ್ದು ಒಂದಾಗಿದೆ.
ಕೂಲಿ ಹೋದ ವರ್ಷದ್ದೇ.

ನಮ್ಮ ಜಿಲ್ಲೆಗೆ ರೈಲಿಲ್ಲ.
ಉಪ್ಪೂ ಘಾಟಿ ಹತ್ತಿಯೇ ಬರಬೇಕು,
ಹುಣಸೂರಿನ ಟೊಮೇಟೊ ಆನೆಚೌಕೂರಿನ ಗೇಟು ದಾಟಬೇಕು,
ಕಾಳುಮೆಣಸು ಚೀಲದಲ್ಲಿ ಕೂತು ಇಳಿಯಬೇಕು.
ಬೋರ್ಡಿನಲ್ಲಿ ಮೂವತ್ತೈದು ಪೈಸೆ ಎಂದದ್ದು
ತರಕಾರಿಯ ಬೀಪಾತುಮ್ಮನ ಬಾಯಲ್ಲಿ
ಐದು ರೂಪಾಯಿಯಾಗಿ ಹೊರಬೀಳುತ್ತದೆ.
‘ನಿಮ್ಮ ಬಂಕಿನವರೇ ಅಲ್ವಾ ಏರಿಸಿದ್ದು’ ಎನ್ನುತ್ತಾಳೆ,
ಕರಿಬೇವನ್ನೂ ತೂಗುತ್ತಾ.
ಕರಿಬೇವು ಸುಮ್ಮನೆ ಕೊಡುತ್ತಿದ್ದವಳು.

ನಮ್ಮನೆಯವರದು ಕಳೆ ಹೊಡೆಯುವ ಮಿಷಿನ್ನು,
ಹೆಗಲಿಗೆ ಹಾಕಿಕೊಂಡು ತೋಟ ತೋಟ ಸುತ್ತುವುದು.
ಪೆಟ್ರೋಲು ನಿನ್ನದೇ ಎನ್ನುತ್ತಾರೆ ತೋಟದವರು.
ಹೋದ ತಿಂಗಳು ಅಟ್ಟದಿಂದ ಕತ್ತಿ ಇಳಿಯಿತು, ಸಾಣೆ ಕಂಡಿತು.
ಎಕರೆಗೆ ಮೂರು ದಿನ ಹೆಚ್ಚು.
‘ಸದ್ದಿಲ್ಲ ನೋಡು, ಹಕ್ಕಿ ಕೂಗಿದ್ದು ಕೇಳುತ್ತೆ’ ಎಂದರು
ರಾತ್ರಿ ಭುಜಕ್ಕೆ ತೆಂಗಿನೆಣ್ಣೆ ತಿಕ್ಕಿಸಿಕೊಳ್ಳುತ್ತಾ.
ತೆಂಗಿನೆಣ್ಣೆಯ ಬೆಲೆ ನಾನು ಹೇಳಲಿಲ್ಲ.

ದಿನಕ್ಕೆ ಸಾವಿರ ಲೀಟರು ಈ ಕೈ ದಾಟುತ್ತದೆ.
ಸಂಜೆ ಅರುವತ್ತೊಕ್ಕಲಿನ ಏರನ್ನು ಕಾಲಲ್ಲೇ ಹತ್ತುತ್ತೇನೆ,
ಎಷ್ಟು ಸೋಪು ಹಾಕಿದರೂ ಅನ್ನದ ತುತ್ತಿಗೆ
ಬಂಕಿನ ವಾಸನೆ.
ಸ್ಕೂಟರು ಟಾರ್ಪಾಲಿನ ಕೆಳಗಿದೆ.
ಕಾಲಿಡುವ ಜಾಗದಲ್ಲಿ ಕೋಳಿ ಮೊಟ್ಟೆಯಿಡಲು ಶುರುಮಾಡಿದೆ.
ಈ ತಿಂಗಳ ಲೆಕ್ಕದಲ್ಲಿ ಹೊಸ ಆದಾಯ ಅದೊಂದೇ,
ಬರೆದಿಟ್ಟಿದ್ದೇನೆ.

ಇವತ್ತು ಮೀನಿನ ಮೊಯ್ದು ಬಂದ,
ಹಿಂದೆ ಮಂಜುಗಡ್ಡೆಯ ಪೆಟ್ಟಿಗೆ ಸುರಿಸುತ್ತಾ.
‘ಇನ್ನು ನಿಮ್ಮ ಏರಿಗೆ ಬರಲ್ಲ ಚೇಚಿ.
ಮೂರು ಕಿಲೋಮೀಟರಿಗೆ ಹತ್ತು ಮನೆ,
ಮತ್ತಿ ಮಾರಿದ್ದು ಗಾಡಿಯೇ ಕುಡಿಯುತ್ತೆ.’
ಸೊನ್ನೆ ನೋಡ್ಕೋ ಎಂದೆ. ನೋಡಲಿಲ್ಲ.
ನೂರು ರೂಪಾಯಿ. ಲೀಟರೂ ತುಂಬಲಿಲ್ಲ.
ನಾಝಲ್ ತೆಗೆಯುವಾಗ ‘ಅಲ್ಲಾಡಿಸಿ’ ಎಂದ.
ಅಲ್ಲಾಡಿಸಿದೆ. ಮೂರು ಹನಿ.
ಹಿಂದೆ ನಿಂತ, ಮಡಿಕೇರಿ ದಾರಿ ಕೇಳಿದ್ದ ದೊಡ್ಡ ಕಾರು
ಹಾರನ್ ಹೊಡೆಯಿತು.
ಇನ್ನೊಮ್ಮೆ ಅಲ್ಲಾಡಿಸಿದೆ.
ನಾಲ್ಕನೆಯ ಹನಿ ತುದಿಯಲ್ಲಿ ನಿಂತು
ಬೀಳಲೋ ಬೇಡವೋ ಎಂದು ಯೋಚಿಸಿತು.

ನಮ್ಮ ಬೆಕ್ಕಿಗೆ ಇದನ್ನೆಲ್ಲ ಯಾರೂ ಹೇಳಿಲ್ಲ.
ನಾಳೆಯೂ ಎಂಟಕ್ಕೆ ಅದು
ತಿರುವಿನ ಕಲ್ಲಿನ ಮೇಲೆ ಹೋಗಿ ಕೂರುತ್ತದೆ,
ಮುಖ ಮನೆಯ ಕಡೆ,
ಕಿವಿಗಳು ಮಾತ್ರ ಕೆಳಗಿನ ರಸ್ತೆಗೆ.